ಬೈಪೋಲಾರ್‌ಗೆ ಮಾತ್ರೆ ಬದಲಾಯಿಸುತ್ತಲೇ ಇದ್ದಾರೆ, ಒಂದೂ ಒಗ್ಗುತ್ತಿಲ್ಲ. ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಾರಾ? ನಿಲ್ಲಿಸಿಬಿಡಲೇ?

ಡಾಕ್ಟರಿಗೆ ಹೇಳದೆ ಒಮ್ಮೆಲೇ ಮಾತ್ರೆ ನಿಲ್ಲಿಸಬೇಡಿ. ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಈ ಕಾಯಿಲೆ ನನಗೂ ಇದೆ. ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈಗ ಕೆಲವು ವರ್ಷಗಳಿಂದ ಲಿಥಿಯಂ ಎಂಬ ಮಾತ್ರೆ ತೆಗೆದುಕೊಂಡು ನೆಮ್ಮದಿಯಾಗಿದ್ದೇನೆ. ಅದಕ್ಕೂ ಮೊದಲು ಬೇರೆ ಬೇರೆ ಮಾತ್ರೆಗಳನ್ನು ನುಂಗಿ, ಬಿಟ್ಟು ಬಂದವಳು.

‘ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಾರಾ?’ ಎಂದು ಕೇಳಿದ್ದೀರಿ. ಆ ಸಂಕಟ ನನಗೆ ಗೊತ್ತು. ಟೈಫಾಯ್ಡ್ ಬಂದರೆ ರಕ್ತದ ಕಲ್ಚರ್ ಮಾಡಿ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ ಎಂದು ನೋಡಬಹುದು. ನಮ್ಮ ಕಾಯಿಲೆಗೆ ಯಾವ ಮಾತ್ರೆ ಹೊಂದುತ್ತದೆ ಎಂದು ಮೊದಲೇ ಹೇಳುವ ಅಂಥ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಹಿಂದಿನ ಮಾತ್ರೆ ನಿಮಗೆ ಏನು ಮಾಡಿತು ಎಂಬುದೇ ಮುಂದಿನದನ್ನು ಆರಿಸಲು ಡಾಕ್ಟರಿಗೆ ಸಿಗುವ ದೊಡ್ಡ ಸುಳಿವು. ಆ ಸುಳಿವನ್ನು ಕೊಡಬೇಕಾದವರು ನೀವು. ‘ಒಗ್ಗುತ್ತಿಲ್ಲ ಡಾಕ್ಟ್ರೇ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ.

ನನಗೆ ಮೊದಲು ಕೊಟ್ಟಿದ್ದು ಒಲಾಂಜಪಿನ್. ಹುಚ್ಚೆದ್ದು ಓಡುತ್ತಿದ್ದ ತಲೆಯನ್ನು ಅದು ಬೇಗ ತಣ್ಣಗೆ ಮಾಡಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಬೆಳಗ್ಗೆ ಮಂಪರು ಇಳಿಯುತ್ತಿರಲಿಲ್ಲ, ಉಂಡ ಮೇಲೂ ಹಸಿವು, ತೂಕ ಏರುತ್ತಲೇ ಹೋಯಿತು. ‘ದಪ್ಪ ಆದ್ರೆ ಏನಂತೆ, ಹುಷಾರಾಗಿದ್ದೀಯಲ್ಲ’ ಎಂದು ಸಂಬಂಧಿಕರು ಸಮಾಧಾನ ಹೇಳುತ್ತಿದ್ದರು. ಆ ಮಾತನ್ನು ಒಪ್ಪಬೇಡಿ. ಈ ಮಾತ್ರೆಯಿಂದ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಏರಬಹುದು. ತೂಕ ಬರೆದಿಟ್ಟು ತೋರಿಸುವುದು ಸೌಂದರ್ಯದ ಚಿಂತೆಯಲ್ಲ.

ಆಮೇಲೆ ಅರಿಪಿಪ್ರಜೋಲ್. ತೂಕದ ತೊಂದರೆ ಕಡಿಮೆ ಎಂದು ಬದಲಾಯಿಸಿದರು. ಕೆಲವೇ ದಿನಗಳಲ್ಲಿ ಒಳಗಿನಿಂದ ಯಾರೋ ದೂಡುತ್ತಿರುವ ಹಾಗೆ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಕೂರಲಾಗದು, ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಇರಬೇಕು, ರಾತ್ರಿ ಹಜಾರದಲ್ಲಿ ಅಡ್ಡಾಡುವುದು. ಅದಕ್ಕೊಂದು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ ಮುಂದೆ ‘ತುಂಬಾ ಟೆನ್ಶನ್ ಆಗ್ತಿದೆ’ ಎಂದೆ. ಅವರು ಕಾಯಿಲೆಯೇ ಮರಳುತ್ತಿದೆಯೇನೋ ಎಂದು ಯೋಚಿಸುತ್ತಿದ್ದಾಗ ಪಕ್ಕದಲ್ಲಿದ್ದ ಅಮ್ಮ, ‘ಟೆನ್ಶನ್ ಅಲ್ಲ ಸಾರ್, ಇವಳು ಕೂತಲ್ಲಿ ಕೂರಲ್ಲ, ಊಟಕ್ಕೆ ಕೂತರೂ ಕಾಲು ಕುಣಿಸ್ತಾನೇ ಇರ್ತಾಳೆ’ ಅಂದರು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಾಲು ನೋಡಿದರು. ಅದು ಅಕಥಿಸಿಯಾ, ಮಾತ್ರೆಯಿಂದಲೇ ಬರುವ ಚಡಪಡಿಕೆ. ಕಾಯಿಲೆ ಎಂದು ತಿಳಿದು ಡೋಸ್ ಏರಿಸಿದ್ದರೆ ಇನ್ನೂ ಹೆಚ್ಚುತ್ತಿತ್ತು. ಹಾಗಾಗಿ ನಿಮ್ಮನ್ನು ದಿನವೂ ನೋಡುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದು ಒತ್ತಿ ಹೇಳುತ್ತೇನೆ.

ಈ ಕಾಯಿಲೆಗೆ ಕೊಡುವ ಇನ್ನೊಂದು ಮಾತ್ರೆ ವಾಲ್‌ಪ್ರೊಯೇಟ್, ಅದು ನನಗೆ ಬೇಡವೆಂದು ಡಾಕ್ಟರೇ ಬಿಟ್ಟರು. ಗರ್ಭದಲ್ಲಿನ ಮಗುವಿಗೆ ಅದರಿಂದ ದೊಡ್ಡ ಅಪಾಯವಿದೆ. ನೀವು ಹೆಣ್ಣಾಗಿದ್ದು, ಮುಂದೆ ಮಕ್ಕಳ ಯೋಚನೆಯಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.

ಲಿಥಿಯಂ ಬಂದದ್ದು ಒಂದು ಮುಚ್ಚಿಟ್ಟ ಸಂಗತಿಯಿಂದ. ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆ ಇತ್ತು, ಲಿಥಿಯಂನಿಂದ ಚೆನ್ನಾಗಿದ್ದರು. ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ, ಅದು ಹೊರಬಿದ್ದ ಮೇಲೆಯೇ ನನಗೂ ಲಿಥಿಯಂ ಕೊಟ್ಟಿದ್ದು. ರಕ್ತಸಂಬಂಧಿಗೆ ಲಿಥಿಯಂ ಹಿಡಿಸಿದ್ದರೆ ನಮಗೂ ಹಿಡಿಸುವ ಸಾಧ್ಯತೆ ಹೆಚ್ಚಂತೆ. ನಿಮ್ಮ ಮನೆಯಲ್ಲೂ ವಿಚಾರಿಸಿ ನೋಡಿ.

ಅದೂ ಸುಲಭದ್ದಲ್ಲ. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತಿತ್ತು, ಬಾಯಾರಿಕೆ ವಿಪರೀತ. ರಕ್ತದಲ್ಲಿನ ಲಿಥಿಯಂ ಮಟ್ಟ ನೋಡಿ ಡೋಸ್ ಸ್ವಲ್ಪ ಇಳಿಸಿದರು, ನಡುಕ ಸಹಿಸುವಷ್ಟಕ್ಕೆ ಬಂತು. ನನ್ನ ಮಟ್ಟ ಈಗ ಲೀಟರಿಗೆ 0.6 ಮಿಲಿಮೋಲ್ ಆಸುಪಾಸಿನಲ್ಲಿದೆ. ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಯಾದ ಮೇಲೆ ಪರೀಕ್ಷೆಗೆ ರಕ್ತ ಕೊಡಬೇಕು, ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆಯೂ ಆಗಾಗ ಆಗಬೇಕು. ನೀರೂ ಕುಡಿಯದ ಉಪವಾಸ ಬಿಟ್ಟಿದ್ದೇನೆ. ತಲೆನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ತರುವುದಿಲ್ಲ, ಇವೆರಡೂ ಲಿಥಿಯಂ ಮಟ್ಟ ಏರಿಸಬಹುದು. ಸಣ್ಣ ನಡುಕ ಈಗಲೂ ಇದೆ, ಅದರ ಜೊತೆ ಪಾಠ ಮಾಡಬಲ್ಲೆ. ಅಡ್ಡ ಪರಿಣಾಮವೇ ಇಲ್ಲದ ಮಾತ್ರೆ ನನಗೆ ಸಿಗಲಿಲ್ಲ, ಬಾಳಬಲ್ಲಂಥದ್ದು ಸಿಕ್ಕಿತು.

ಈಗ ನೀವು ಮಾಡಬಹುದಾದ್ದು: ಒಂದು ನೋಟ್‌ಬುಕ್ಕಿನಲ್ಲಿ ಮಾತ್ರೆಯ ಹೆಸರು, ಡೋಸ್, ಶುರುವಾದ ದಿನ, ನಿದ್ದೆ, ತೂಕ, ಏನಾಯಿತು, ಯಾವಾಗಿನಿಂದ ಎಂದು ಬರೆಯಿರಿ. ಲೈಂಗಿಕ ತೊಂದರೆಯಿದ್ದರೆ ಅದನ್ನೂ ಬರೆಯಿರಿ, ಬಾಯಲ್ಲಿ ಹೇಳಲು ನಾಚಿಕೆಯಾದರೆ ಆ ಪುಟ ತೋರಿಸಿದರೂ ಸಾಕು. ಎಷ್ಟು ವಾರ ಕಾದು ನೋಡಬೇಕು ಎಂದು ಪ್ರತಿ ಸಲ ಕೇಳಿ. ಮುಂದಿನ ಅಪಾಯಿಂಟ್‌ಮೆಂಟ್ ದೂರವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೆಲವಕ್ಕೆ ಕಾಯಲೇಬಾರದು. ಈ ಕಾಯಿಲೆಗೇ ಕೊಡುವ ಲ್ಯಾಮೊಟ್ರಿಜಿನ್ ಎಂಬ ಮಾತ್ರೆ ಶುರುವಾದ ಮೇಲೆ ಮೈಮೇಲೆ ಗುಳ್ಳೆ, ದದ್ದು ಎದ್ದರೆ, ಲಿಥಿಯಂನಲ್ಲಿದ್ದಾಗ ವಾಂತಿ-ಭೇದಿಯಾಗಿ ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಅಥವಾ ಸಾಯುವ ಯೋಚನೆ ಬಂದರೆ, ಅದು ನಡುರಾತ್ರಿಯಾದರೂ ಯಾರನ್ನಾದರೂ ಎಬ್ಬಿಸಿ ಆಸ್ಪತ್ರೆಗೆ ಹೋಗಿ.