ನಿಂತಲ್ಲೇ ನಡುಗುವ ಸರ್ವೋ

ಪ್ರಶ್ನೆ: ಆರ್ಡುಯಿನೊ ಬೋರ್ಡಿಗೆ ನಾಲ್ಕು ಪುಟ್ಟ ಸರ್ವೋ ಮೋಟಾರ್ ಜೋಡಿಸಿ ರೋಬೊ ತೋಳು ಮಾಡಿದ್ದೇನೆ. ಚೆನ್ನಾಗಿಯೇ ಚಲಿಸುತ್ತದೆ, ಆದರೆ ಒಂದೆಡೆ ನಿಲ್ಲಿಸಿದರೆ ಗುಂಯ್‌ಗುಡುತ್ತಾ ನಡುಗುತ್ತದೆ. ಮೋಟಾರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಎಸೆಯಬೇಡಿ.

ಸಾಮಾನ್ಯ ಮೋಟಾರಿಗೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ, ಸರ್ವೋಗೆ ಗೊತ್ತು. ಅದರ ಹೊರದಂಡಕ್ಕೆ ಒಂದು ಪೊಟೆನ್ಷಿಯೋಮೀಟರ್ ಅಂಟಿಕೊಂಡಿದೆ, ಹಳೆಯ ರೇಡಿಯೊದ ಧ್ವನಿ ತಿರುಗಣೆಯಲ್ಲಿರುವಂಥದ್ದೇ. ದಂಡ ತಿರುಗಿದಂತೆ ಅದರ ವೋಲ್ಟೇಜ್ ಬದಲಾಗಿ, ಈಗಿನ ಕೋನವನ್ನು ತಿಳಿಸುತ್ತದೆ. ಆರ್ಡುಯಿನೊ, ಅಂದರೆ ಸರ್ವೋಗೆ ಆಜ್ಞೆ ಕೊಡುವ ನಿಮ್ಮ ಪುಟ್ಟ ಕಂಪ್ಯೂಟರ್ ಬೋರ್ಡ್, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ವಿದ್ಯುತ್ ಮಿಡಿತ ಕಳಿಸುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು ಎಂದರ್ಥ. 1ರತ್ತ ಇಳಿದರೆ ಒಂದು ಬದಿ, 2ರತ್ತ ಏರಿದರೆ ಇನ್ನೊಂದು ಬದಿ. ಹೇಳಿದ ಕೋನಕ್ಕೂ ಇರುವ ಕೋನಕ್ಕೂ ವ್ಯತ್ಯಾಸ ಕಂಡೊಡನೆ ಒಳಗಿನ ಸರ್ಕ್ಯೂಟ್ ಮೋಟಾರನ್ನು ಓಡಿಸಿ ಆ ವ್ಯತ್ಯಾಸವನ್ನು ಅಳಿಸುತ್ತದೆ. ತೋಳಿನ ಭಾರ ದಂಡವನ್ನು ಕೂದಲೆಳೆಯಷ್ಟು ಜಗ್ಗಿದರೂ ಮತ್ತೆ ತಿದ್ದುತ್ತದೆ. ಚಾಲೂ ಇರುವ ಸರ್ವೋದ ಕೊಂಬನ್ನು (ದಂಡಕ್ಕೆ ಸಿಕ್ಕಿಸಿದ ಪುಟ್ಟ ಪಟ್ಟಿ) ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ: ಅದು ಎದುರೊತ್ತುತ್ತದೆ, ಗುಂಯ್‌ಗುಡುತ್ತದೆ. ಆ ಸದ್ದು ಸಹಜ. ಪ್ಲಾಸ್ಟಿಕ್ ಗೇರ್ ಆದ್ದರಿಂದ ಜೋರಾಗಿ ಒತ್ತಬೇಡಿ.

ನಡುಕ ಮಾತ್ರ ಸಹಜವಲ್ಲ. ನನ್ನ ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ನಾಲ್ಕೂ ಸರ್ವೋಗಳಿಗೆ ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ ಕೊಟ್ಟಿದ್ದೀರಾ? ಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ಅದರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಭಾರಕ್ಕೆ ಸಿಕ್ಕಿದ ಒಂದೇ ಸರ್ವೋ ಅಷ್ಟನ್ನೂ ನುಂಗಬಲ್ಲದು. ವೋಲ್ಟೇಜ್ ಕುಸಿಯುತ್ತದೆ, ಸರ್ಕ್ಯೂಟ್ ತಡವರಿಸುತ್ತದೆ, ತೋಳು ನಡುಗುತ್ತದೆ. 5 ವೋಲ್ಟ್, 3 ಆಂಪಿಯರಿನ ಪ್ರತ್ಯೇಕ ಪವರ್ ಸಪ್ಲೈ ಕೊಡಿ. ಅದರ ಗ್ರೌಂಡ್ ತಂತಿಯನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲೇಬೇಕು; ಇಲ್ಲದಿದ್ದರೆ ಮಿಡಿತವನ್ನು ಅಳೆಯಲು ಸರ್ವೋಗೆ ಆಧಾರವೇ ಇರುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ಸರ್ವೋಗಳ ಹತ್ತಿರ ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಕೊಡುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಧನ-ಋಣ ನೋಡಿ ಹಾಕಿದರೆ ಇನ್ನೂ ಒಳ್ಳೆಯದು.

ಆಮೇಲೆ ಭಾರ. 9 ಗ್ರಾಂ ತೂಕದ ಪುಟ್ಟ ಸರ್ವೋಗಳ ತಿರುಗಿಸುವ ಬಲ ಸುಮಾರು 1.8 ಕಿಲೋಗ್ರಾಂ-ಸೆಂಟಿಮೀಟರ್. ಅಂದರೆ 10 ಸೆಂಟಿಮೀಟರ್ ಉದ್ದದ ತೋಳಿನ ತುದಿಯಲ್ಲಿ ಹೆಚ್ಚೆಂದರೆ 180 ಗ್ರಾಂ, ಅದರಲ್ಲೂ ತೋಳಿನ ಸ್ವಂತ ತೂಕಕ್ಕೆ ಪಾಲಿದೆ. ಭುಜದ ಕೀಲಿಗಾದರೂ ಲೋಹದ ಗೇರಿನ ದೊಡ್ಡ ಸರ್ವೋ ಹಾಕಿ.

ಕಾರ್ಖಾನೆಯ ರೋಬೊಗಳೂ ಇದೇ ತಿದ್ದುವ ತತ್ವದ ಮೇಲೆ ನಡೆಯುತ್ತವೆ, ಆದರೆ ಅಲ್ಲಿ ಕೋನ ಅಳೆಯುವುದು ಸವೆಯದ ಎನ್‌ಕೋಡರ್. ನಿಮ್ಮದರಲ್ಲಿ ಪೊಟೆನ್ಷಿಯೋಮೀಟರಿನ ಪಟ್ಟಿ ಸವೆಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಸರ್ವೋ, ಒಂದೇ ಕೋನದಲ್ಲಿ ನಡುಗುತ್ತಿದ್ದರೆ ಆಗ ಅದನ್ನು ಬದಲಿಸಿ.