ಮಾತ್ರೆಗೆ ವಿಳಾಸ ಗೊತ್ತಿಲ್ಲ

ಔಷಧಗಳ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಮೊದಲ ನಾಲ್ಕರ ಉತ್ತರಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಸಾಲಾಗಿ ಓದುವುದು ಒಳ್ಳೆಯದು.

ಮೊಣಕಾಲು ನೋವಿಗೆ ಮಾತ್ರೆ ನುಂಗುತ್ತೇನೆ. ನೋವಿರುವುದು ಮೊಣಕಾಲಿನಲ್ಲಿ ಎಂದು ಹೊಟ್ಟೆಗೆ ಹೋದ ಮಾತ್ರೆಗೆ ಹೇಗೆ ತಿಳಿಯುತ್ತದೆ? ಅದೇ ಮಾತ್ರೆ ಹೊಟ್ಟೆ ಉರಿಸುವುದೇಕೆ?
— ಓದುಗರೊಬ್ಬರು, ತುಮಕೂರು

ತಿಳಿಯುವುದೇ ಇಲ್ಲ. ಕರುಳಿನಿಂದ ರಕ್ತಕ್ಕೆ ಸೇರಿದ ಔಷಧ ನೆತ್ತಿಯಿಂದ ಅಂಗಾಲಿನವರೆಗೂ ಸುತ್ತುತ್ತದೆ. ಮೊಣಕಾಲಿಗೆ ಸಿಗುವಷ್ಟೇ ಕಿವಿಗೂ ಸಿಗುತ್ತದೆ. ಆದರೆ ಅದು ಹಿಡಿಯಬೇಕಾದ ವಸ್ತು ಎಲ್ಲಿ ಚುರುಕಾಗಿದೆಯೋ ಅಲ್ಲಿ ಮಾತ್ರ ಅದರ ಕೆಲಸ ನಮಗೆ ಕಾಣುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಹಿಡಿಯುವುದು ಕಾಕ್ಸ್ ಎಂಬ ಕಿಣ್ವವನ್ನು. ಪೆಟ್ಟಾದ, ಊದಿದ ಜಾಗದಲ್ಲಿ ಈ ಕಿಣ್ವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಧಾರಾಳವಾಗಿ ತಯಾರಿಸುತ್ತದೆ, ಅದು ನೋವಿನ ನರಗಳನ್ನು ಸೂಕ್ಷ್ಮಗೊಳಿಸುತ್ತದೆ. ಕಿಣ್ವ ನಿಂತರೆ ನೋವು ಇಳಿಯುತ್ತದೆ.

ತೊಂದರೆ ಏನೆಂದರೆ, ಹೊಟ್ಟೆಯ ಒಳಪದರ ಆಮ್ಲದಿಂದ ತನ್ನನ್ನು ಕಾಪಾಡಿಕೊಳ್ಳುವ ಲೋಳೆಯನ್ನು ಸುರಿಸುವುದೂ ಪ್ರೊಸ್ಟಾಗ್ಲಾಂಡಿನ್ ಹೇಳಿದಂತೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಹಾಗಾಗಿ ಮೊಣಕಾಲಿನಲ್ಲಿ ಆದ ಗುಣ ಮತ್ತು ಹೊಟ್ಟೆಯಲ್ಲಿ ಆದ ಹುಣ್ಣು ಎರಡೂ ಒಂದೇ ಕೆಲಸದ ಫಲ. ‘ಅಡ್ಡಪರಿಣಾಮ’ ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಅಡ್ಡ ಬಂದದ್ದು ಜಾಗ, ಪರಿಣಾಮವಲ್ಲ. ವಾಂತಿ-ಭೇದಿಯಾಗಿ ಸುಸ್ತಾಗಿರುವಾಗ ಈ ಮಾತ್ರೆ ಬೇಡ ಎನ್ನುವುದು ಮೂತ್ರಪಿಂಡದ ಕಾರಣಕ್ಕೆ. ಊಟವಾದ ಮೇಲೆ ನುಂಗಿದರೆ ಹೊಟ್ಟೆಗೆ ಹಾನಿಯೇ ಇಲ್ಲ ಎಂಬುದು ಅರ್ಧ ಸತ್ಯ. ಮಾತ್ರೆ ರಕ್ತದ ಮೂಲಕವೂ ಹೊಟ್ಟೆಯ ಗೋಡೆಗೆ ಮರಳಿ ಬರುತ್ತದೆ. ಒಂದೇ ಮೊಣಕಾಲಿನ ನೋವಾದರೆ ಡೈಕ್ಲೊಫೆನಾಕ್ ಜೆಲ್ ಕೇಳಿ ನೋಡಿ. ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸುಮಾರು ಶೇ. 6 ಮಾತ್ರ.

ಇನ್ನೊಂದು: ಹೃದಯಕ್ಕೆಂದು ದಿನಾ 75 ಮಿಲಿಗ್ರಾಂ ಆಸ್ಪಿರಿನ್ ನುಂಗುವವರು ಐಬುಪ್ರೊಫೆನ್ ಬಗ್ಗೆ ಎಚ್ಚರವಾಗಿರಬೇಕು. ಕಾಕ್ಸ್ ಕಿಣ್ವದಲ್ಲಿ ಎರಡೂ ಕುಳಿತುಕೊಳ್ಳುವ ಜಾಗ ಒಂದೇ. ಐಬುಪ್ರೊಫೆನ್ ಮೊದಲು ಕುಳಿತಿದ್ದರೆ ಆಸ್ಪಿರಿನ್‌ಗೆ ಒಳಗೆ ಹೋಗಲು ಆಗದು, ಕಾದು ಕಾದು ರಕ್ತದಿಂದಲೇ ಹೊರಟುಹೋಗುತ್ತದೆ. ತೆಗೆದುಕೊಳ್ಳಲೇಬೇಕಾದರೆ, ಹೊರಪದರವಿಲ್ಲದ ಸಾದಾ ಆಸ್ಪಿರಿನ್ ನುಂಗಿ ಕನಿಷ್ಠ ಅರ್ಧ ಗಂಟೆಯ ಮೇಲೆ ಐಬುಪ್ರೊಫೆನ್. ಅದೂ ವೈದ್ಯರನ್ನು ಕೇಳಿ.

ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್ಹೇಲರ್ ಕೊಟ್ಟಿದ್ದಾರೆ. ಎಳೆದ ಮೇಲೆ ಉಸಿರು ಸಲೀಸಾಗುತ್ತದೆ, ಆದರೆ ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಇದಕ್ಕಿಂತ ಮಾತ್ರೆ ವಾಸಿಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಮಾತ್ರೆಗೆ ಹೋದರೆ ನಡುಕ ಹೆಚ್ಚೀತು. ಲೆಕ್ಕ ನೋಡಿ: ಇನ್ಹೇಲರಿನ ಒಂದು ಪಫ್‌ನಲ್ಲಿರುವುದು 100 ಮೈಕ್ರೊಗ್ರಾಂ. ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ, ಎಂದರೆ 20ರಿಂದ 40 ಪಫ್‌ನಷ್ಟು.

ನಡುಕ ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಜೀವಕೋಶದ ಹೊದಿಕೆಯಲ್ಲಿ ನೆಟ್ಟಂತಿರುವ ಕೆಲವು ಪ್ರೋಟೀನುಗಳು ಹೊರಗಿನಿಂದ ಬಂದ ರಾಸಾಯನಿಕವನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತವೆ. ಇವೇ ರಿಸೆಪ್ಟರ್‌ಗಳು, ಕನ್ನಡದಲ್ಲಿ ಗ್ರಾಹಿ ಎನ್ನೋಣ. ಹೆದರಿದಾಗ, ಓಡುವಾಗ ಮೈಯೇ ಸುರಿಸುವ ಅಡ್ರಿನಲಿನ್ ಒಂದೇ ಆದರೂ ಅದನ್ನು ಹಿಡಿಯುವ ಗ್ರಾಹಿಗಳು ಆಲ್ಫಾ, ಬೀಟಾ ಎಂದು ಬೇರೆ ಬೇರೆ ಇರಬೇಕು ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಬರೆದರು. ಆಗ ಹೆಚ್ಚು ಮಂದಿ ಕಿವಿಗೊಡಲಿಲ್ಲ. ಮುಂದೆ ಬೀಟಾದಲ್ಲೂ ಎರಡು ಬಗೆ ಗೊತ್ತಾಯಿತು: ಹೃದಯದಲ್ಲಿ ಮುಖ್ಯವಾಗಿ ಬೀಟಾ-1, ಶ್ವಾಸನಾಳದ ಸ್ನಾಯುವಿನಲ್ಲಿ ಬೀಟಾ-2. ಬೀಟಾ-2 ಅನ್ನೇ ಹೆಚ್ಚಾಗಿ ಹಿಡಿಯುವ ಸಾಲ್ಬುಟಮಾಲ್ ಬ್ರಿಟನ್ನಿನಲ್ಲಿ 1969ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚಿನ ಐಸೊಪ್ರಿನಲಿನ್ ಎರಡನ್ನೂ ಸಮಸಮವಾಗಿ ಕೆರಳಿಸುತ್ತಿತ್ತು.

ಆದರೆ ಬೀಟಾ-2 ಇರುವುದು ಶ್ವಾಸನಾಳದಲ್ಲಷ್ಟೇ ಅಲ್ಲ. ಕೈಕಾಲಿನ ಸ್ನಾಯುಗಳಲ್ಲೂ ಇದೆ, ಅದಕ್ಕೇ ಬೆರಳು ನಡುಗುವುದು. ಹೃದಯದಲ್ಲೂ ಸ್ವಲ್ಪ ಇದೆ. ಜೊತೆಗೆ ಔಷಧ ರಕ್ತದ ಪೊಟ್ಯಾಸಿಯಮ್ಮನ್ನು ಕೋಶಗಳ ಒಳಕ್ಕೆ ತಳ್ಳುವುದರಿಂದ ಕೆಲವರಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಎಳೆಯುವ ರೀತಿ ತಪ್ಪಿದ್ದರೆ ಔಷಧದ ಬಹುಪಾಲು ಗಂಟಲಿಗೆ ಬಡಿದು ಹೊಟ್ಟೆಗೆ ಇಳಿಯುತ್ತದೆ. ಎದೆಗೆ ಕಡಿಮೆ, ಕೈನಡುಕಕ್ಕೆ ಹೆಚ್ಚು. ಇನ್ಹೇಲರ್ ಚೆನ್ನಾಗಿ ಕುಲುಕಿ. ಉಸಿರು ಪೂರ್ತಿ ಹೊರಬಿಡಿ. ತುಟಿ ಬಿಗಿಹಿಡಿದು, ನಿಧಾನವಾಗಿ ಒಳಗೆಳೆಯಲು ಶುರುಮಾಡಿದ ಮೇಲೆ ಒತ್ತಿ. ಒತ್ತಿ ಆಮೇಲೆ ಎಳೆಯುವುದೇ ಹೆಚ್ಚು ಜನ ಮಾಡುವ ತಪ್ಪು. ಮೂರ್ನಾಲ್ಕು ಸೆಕೆಂಡು ಎಳೆದು, ಹತ್ತು ಎಣಿಸುವವರೆಗೆ ಉಸಿರು ಕಟ್ಟಿ. ಎರಡನೇ ಪಫ್‌ಗೆ ಅರ್ಧ-ಒಂದು ನಿಮಿಷ ಬಿಡಿ. ಇನ್ಹೇಲರಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಸ್ಪೇಸರ್, ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದರೊಳಗೆ ಒಮ್ಮೆಗೆ ಒಂದೇ ಪಫ್. ಅದನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಹತ್ತಿ ಔಷಧದ ಕಣಗಳು ಗೋಡೆಗೇ ಅಂಟಿಕೊಳ್ಳುತ್ತವೆ. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ಎಷ್ಟು ಉಳಿದಿದೆ ಎಂದು ನೋಡುವ ಪದ್ಧತಿಯನ್ನು ನಂಬಬೇಡಿ. ಪಫ್ ಎಣಿಸುವುದೊಂದೇ ದಾರಿ.

ಗ್ರಾಹಿಗೂ ದಣಿವುಂಟು. ದಿನವೂ ಮತ್ತೆ ಮತ್ತೆ ಕೆರಳಿಸಿದರೆ ಕೋಶ ತನ್ನ ಬೀಟಾ-2 ಗ್ರಾಹಿಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದೇ ಪಫ್ ಮೊದಲಿನಷ್ಟು ಕೆಲಸ ಮಾಡದು. 200 ಪಫ್‌ನ ಡಬ್ಬಿ ವರ್ಷಕ್ಕೆ ಮೂರು ಖರ್ಚಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದೇ ಅರ್ಥ. ಆಗ ಬೇಕಾದದ್ದು ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್. ಅದು ಕೋಶದೊಳಗಿನ ಬೇರೊಂದು ಗ್ರಾಹಿಯನ್ನು ಹಿಡಿದು ಜೀನುಗಳ ಕೆಲಸವನ್ನೇ ಬದಲಿಸುವುದರಿಂದ ಗುಣ ಕಾಣಲು ದಿನಗಳು ಹಿಡಿಯುತ್ತವೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದರೆ ಇದಾವುದನ್ನೂ ಯೋಚಿಸದೆ ಆಸ್ಪತ್ರೆಗೆ ಹೊರಡಿ.

ತಾಯಿಗೆ ಹಿಂದಿನಿಂದಲೂ ಉಬ್ಬಸ. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆ) ಟಿಮೊಲಾಲ್ ಹನಿ ಶುರುವಾದ ಮೇಲೆ ರಾತ್ರಿ ಸುಯ್ ಸುಯ್ ಸದ್ದು ಹೆಚ್ಚಾಗಿದೆ. ಕಣ್ಣಿಗೆ ಬಿಟ್ಟ ಹನಿಗೂ ಎದೆಗೂ ಸಂಬಂಧವಿದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಇದೆ, ಮತ್ತು ಇದು ಇವತ್ತೇ ಕಣ್ಣಿನ ವೈದ್ಯರಿಗೆ ಫೋನ್ ಮಾಡಬೇಕಾದ ವಿಷಯ. ಟಿಮೊಲಾಲ್ ಹಿಡಿಯುವುದು ಮೇಲೆ ಹೇಳಿದ ಬೀಟಾ ಗ್ರಾಹಿಗಳನ್ನೇ, ಆದರೆ ಕೆರಳಿಸುವುದಿಲ್ಲ. ನಮ್ಮ ಬಸ್ ನಿಲ್ದಾಣಗಳಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಹಾಗೆ. ಟವೆಲ್ ತಾನು ಪ್ರಯಾಣ ಮಾಡುವುದಿಲ್ಲ, ಬೇರೆಯವರನ್ನು ಕೂರಲೂ ಬಿಡುವುದಿಲ್ಲ. ಕಣ್ಣಿನೊಳಗೆ ದ್ರವ ತಯಾರಾಗುವುದನ್ನು ಹೀಗೆ ತಗ್ಗಿಸಿ ಅದು ಒತ್ತಡ ಇಳಿಸುತ್ತದೆ. ಶ್ವಾಸನಾಳದಲ್ಲಿ ಸೀಟು ಹಿಡಿದರೆ ನಾಳ ಬಿಗಿಯುತ್ತದೆ, ಸಾಲ್ಬುಟಮಾಲ್ ಎಳೆದರೂ ಅದಕ್ಕೆ ಜಾಗ ಸಿಗುವುದು ಕಷ್ಟ.

ಕಣ್ಣಿನಿಂದ ಅಲ್ಲಿಗೆ ದಾರಿ ಮೂಗಿನ ಮೂಲಕ. ಕಣ್ಣು ಹಿಡಿಸಿಕೊಳ್ಳುವುದಕ್ಕಿಂತ ಒಂದು ಹನಿ ದೊಡ್ಡದು. ಉಳಿದದ್ದು ಒಳಮೂಲೆಯ ಸಣ್ಣ ನಾಳದಿಂದ ಮೂಗಿಗೆ ಇಳಿದು, ಅಲ್ಲಿನ ತೆಳು ಪೊರೆಯಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾದರೆ ಮೊದಲು ಯಕೃತ್ತಿಗೆ ಹೋಗಿ ಒಂದಷ್ಟು ಪಾಲು ಕಳೆದುಕೊಳ್ಳುತ್ತಿತ್ತು; ಈ ದಾರಿಯಲ್ಲಿ ಆ ಸುಂಕದ ಕಟ್ಟೆಯಿಲ್ಲ.

ಉಬ್ಬಸ ಇರುವವರಿಗೆ ಬೇರೆ ಗ್ರಾಹಿಯನ್ನು ಹಿಡಿಯುವ ಲಟಾನೊಪ್ರೊಸ್ಟ್‌ನಂಥ ಹನಿಗಳಿವೆ. ಬದಲಿಸುವವರು ವೈದ್ಯರೇ ಆಗಲಿ. ನೀವಾಗಿ ನಿಲ್ಲಿಸಿ ಸುಮ್ಮನಿದ್ದರೆ ಕಣ್ಣಿನ ಒತ್ತಡ ಏರುತ್ತದೆ. ಯಾವ ಹನಿಯೇ ಇರಲಿ, ಒಂದೇ ತೊಟ್ಟು ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು-ಮೂರು ನಿಮಿಷ ಒತ್ತಿಹಿಡಿಯಿರಿ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

ಬಿ.ಪಿ.ಗೆ ಮೆಟೊಪ್ರೊಲಾಲ್ ನುಂಗುತ್ತಿದ್ದೆ. ಬಿ.ಪಿ. ಸರಿಯಾಯಿತೆಂದು ಬಿಟ್ಟೆ. ಮೂರನೇ ದಿನಕ್ಕೆ ಎದೆಬಡಿತ ಜೋರಾಗಿ ಬಿ.ಪಿ. ಮೊದಲಿಗಿಂತ ಹೆಚ್ಚಾಯಿತು. ಏಕೆ?
— ಓದುಗರೊಬ್ಬರು, ಮಂಡ್ಯ

ಇನ್ಹೇಲರಿನ ಕಥೆಯನ್ನು ತಿರುಗಿಸಿ ಓದಿ. ಸೀಟುಗಳ ಮೇಲೆಲ್ಲ ಸದಾ ಟವೆಲ್ ಬಿದ್ದಿದ್ದರೆ ಹೃದಯದ ಕೋಶಗಳು ಹೊಸ ಸೀಟುಗಳನ್ನು ಹಾಕಿಕೊಳ್ಳುತ್ತವೆ. ಮಾತ್ರೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಔಷಧ ಮೈಯಿಂದ ಹೋಗುತ್ತದೆ. ಹೆಚ್ಚುವರಿ ಗ್ರಾಹಿಗಳು ಅಷ್ಟು ಬೇಗ ಹೋಗುವುದಿಲ್ಲ. ಆಗ ಮಾಮೂಲಿ ಅಡ್ರಿನಲಿನ್ನಿಗೂ ಹೃದಯ ಓಡತೊಡಗುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡಿರುವವರಿಗೆ ಇದರಿಂದ ಹೃದಯಾಘಾತವೇ ಆಗಬಹುದು. ಅಟೆನೊಲಾಲ್, ಪ್ರೊಪ್ರನೊಲಾಲ್‌ಗಳಿಗೂ ಇದೇ ಮಾತು. ಬಿಡಬೇಕಾದರೆ ವೈದ್ಯರು ಒಂದೆರಡು ವಾರದಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಮತ್ತು ಬಿ.ಪಿ. ‘ಸರಿಯಾಗಿತ್ತು’ ಎಂದಿರಲ್ಲ, ಅದು ಮಾತ್ರೆಯಿಂದ ಸರಿಯಾಗಿತ್ತು.

ಏಕಾದಶಿ ದಿನ ಕಾಫಿಯನ್ನೂ ಬಿಟ್ಟರೆ ಸಂಜೆಗೆ ತಲೆ ಸಿಡಿಯುತ್ತದೆ. ಹಸಿವಿನಿಂದಲೇ?
— ಓದುಗರೊಬ್ಬರು, ಚಿಕ್ಕಮಗಳೂರು

ಹಸಿವಿನ ಪಾಲೂ ಇರಬಹುದು, ಮುಖ್ಯ ಅಪರಾಧಿ ಕಾಫಿ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡಿನೊಸಿನ್ ಕೂಡುತ್ತಾ ಹೋಗಿ ನಿದ್ದೆ ತರಿಸುತ್ತದೆ. ಕೆಫೀನ್ ಅದರ ಸೀಟಿನ ಮೇಲಿನ ಟವೆಲ್. ದಿನಾ ಕುಡಿಯುವವರಲ್ಲಿ ಕೆಫೀನ್ ಇಳಿದಾಗ ಅಡಿನೊಸಿನ್ ಒಟ್ಟಿಗೆ ನುಗ್ಗಿ, ಮಿದುಳಿನ ರಕ್ತನಾಳಗಳು ಹಿಗ್ಗಿ ತಲೆ ನೋಯುತ್ತದೆ. ಕೊನೆಯ ಲೋಟದ ನಂತರ 12ರಿಂದ 24 ಗಂಟೆಯೊಳಗೆ ಶುರುವಾಗುವುದು ರೂಢಿ. ಮೂರ್ನಾಲ್ಕು ದಿನ ಮುಂಚಿನಿಂದ ಡಿಕಾಕ್ಷನ್ ಕಡಿಮೆ ಮಾಡುತ್ತಾ ಬನ್ನಿ. ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ, ಆದ್ದರಿಂದ ಮಾತ್ರೆ ನುಂಗಿ ‘ಕಾಫಿ ಮುಟ್ಟಲಿಲ್ಲ’ ಎನ್ನುವ ಮೊದಲು ಚೀಟಿ ಓದಿ.

ಪ್ಯಾಂಟೊಪ್ರಜೋಲ್ ಅನ್ನು ಖಾಲಿ ಹೊಟ್ಟೆಯಲ್ಲೇ ನುಂಗಿ ಎನ್ನುತ್ತಾರೆ. ಉರಿ ಬರುವುದು ಊಟದ ಮೇಲೆ. ಆಗಲೇ ನುಂಗಿದರೆ ಆಗದೇ?
— ಓದುಗರೊಬ್ಬರು, ದಾವಣಗೆರೆ

ಈ ‘ಗ್ಯಾಸ್ಟ್ರಿಕ್ ಮಾತ್ರೆ’ ಹಿಡಿಯುವುದು ಗ್ರಾಹಿಯನ್ನಲ್ಲ, ಆಮ್ಲ ಸುರಿಸುವ ಪಂಪನ್ನು. ಅದೂ ಚಾಲೂ ಇರುವ ಪಂಪನ್ನು ಮಾತ್ರ, ಏಕೆಂದರೆ ಪಂಪಿನ ಬಾಯಲ್ಲಿರುವ ಆಮ್ಲವೇ ಔಷಧವನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುತ್ತದೆ. ರಾತ್ರಿಯ ಉಪವಾಸದ ನಂತರ ತಿಂಡಿ ತಿಂದಾಗ ಅತಿ ಹೆಚ್ಚು ಪಂಪುಗಳು ಒಟ್ಟಿಗೆ ಎದ್ದೇಳುತ್ತವೆ. ಔಷಧ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಿದರೆ ಎರಡೂ ಒಂದೇ ಹೊತ್ತಿಗೆ ಭೇಟಿಯಾಗುತ್ತವೆ. ಹಿಡಿದ ಪಂಪು ಮತ್ತೆ ಬಿಡಿಸಿಕೊಳ್ಳದು. ಕೋಶ ಹೊಸದನ್ನು ಕಟ್ಟಬೇಕು. ಹಾಗಾಗಿ ದಿನಕ್ಕೊಂದು ಮಾತ್ರೆ ಸಾಕು, ಆದರೆ ಪೂರ್ತಿ ಗುಣಕ್ಕೆ ಮೂರರಿಂದ ಐದು ದಿನ ಬೇಕು. ಮಾತ್ರೆಯನ್ನು ಅರೆಯಬೇಡಿ, ಮುರಿಯಬೇಡಿ: ಹೊರಪದರ ಒಡೆದರೆ ಹೊಟ್ಟೆಯ ಆಮ್ಲದಲ್ಲೇ ಅದು ಹಾಳಾಗುತ್ತದೆ. ಆ ಕ್ಷಣದ ಉರಿಗೆ ಆಂಟಾಸಿಡ್ ದ್ರವವೇ ವಾಸಿ. ತಿಂಗಳುಗಟ್ಟಲೆ ನುಂಗಿ ದಿಢೀರನೆ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಬಹುದು. ಅದನ್ನು ನೋಡಿ ‘ಮಾತ್ರೆಯಿಲ್ಲದೆ ಆಗದು’ ಎಂದುಕೊಂಡು ವರ್ಷಗಟ್ಟಲೆ ಮುಂದುವರಿಸುವವರು ಬಹಳ.

ಬೆಳೆಗೆ ಔಷಧಿ ಹೊಡೆಯುವಾಗ ಕೂಲಿಯವರೊಬ್ಬರು ಬೆವತು, ಜೊಲ್ಲು ಸುರಿಸುತ್ತಾ ಬಿದ್ದರು. ಆಸ್ಪತ್ರೆಯಲ್ಲಿ ಅಟ್ರೊಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಅಷ್ಟೊಂದು ಏಕೆ?
— ಓದುಗರೊಬ್ಬರು, ಹಾವೇರಿ

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳನ್ನು ನಾವು ‘ಔಷಧಿ’ ಎಂದು ಕರೆಯುವುದು ವಿಪರ್ಯಾಸ. ಆದರೂ ಅವು ಕೆಲಸ ಮಾಡುವ ರೀತಿ ಔಷಧದ್ದೇ. ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಟ್ಟು ಗ್ರಂಥಿಗೆ, ಸ್ನಾಯುವಿಗೆ ಆಜ್ಞೆ ಕೊಡುತ್ತವೆ. ಆಜ್ಞೆ ಮುಟ್ಟಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಕೀಟನಾಶಕ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಒಡೆಯುವವರಿಲ್ಲದೆ ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ: ಬೆವರು, ಜೊಲ್ಲು, ವಾಂತಿ, ಭೇದಿ, ಸೂಜಿಮೊನೆಯಷ್ಟು ಸಣ್ಣದಾದ ಕಣ್ಣಿನ ಪಾಪೆ, ಎಲ್ಲಕ್ಕಿಂತ ಅಪಾಯವಾಗಿ ಶ್ವಾಸಕೋಶದ ತುಂಬ ಕಫದ ನೀರು.

ಅಟ್ರೊಪಿನ್ ಇಲ್ಲಿಯ ಟವೆಲ್. ಆದರೆ ಸೀಟಿಗೆ ನುಗ್ಗುತ್ತಿರುವವರು ಜಾತ್ರೆಯಷ್ಟು ಜನ. ನಾಲ್ಕು ಟವೆಲ್ ಸಾಲುವುದಿಲ್ಲ. ಒಂದು ಆಂಪ್ಯೂಲ್‌ನಲ್ಲಿ, ಎಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಶೀಶೆಯಲ್ಲಿ, ಇರುವುದು 0.6 ಮಿಲಿಗ್ರಾಂ. ದೊಡ್ಡವರಿಗೆ ಮೊದಲೇ ಮೂರರಿಂದ ಐದು ಆಂಪ್ಯೂಲ್ ಕೊಟ್ಟು, ಐದು ನಿಮಿಷಕ್ಕೊಮ್ಮೆ ಎದೆ ಪರೀಕ್ಷಿಸಿ, ಸಾಲದಿದ್ದರೆ ಪ್ರಮಾಣವನ್ನು ಇಮ್ಮಡಿಸುತ್ತಾ ಹೋಗುತ್ತಾರೆ. ಎದೆಯ ಗೊರಗೊರ ನಿಂತು, ಕಂಕುಳು ಒಣಗಿ, ನಾಡಿ 80 ದಾಟಿದರೆ ಸಾಕಷ್ಟಾಯಿತು. ಮೀರಿದರೆ ಮುಖ ಕೆಂಪಾಗಿ, ಮೈ ಬಿಸಿಯಾಗಿ, ರೋಗಿ ಬಡಬಡಿಸುತ್ತಾ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾರೆ. ದತ್ತೂರಿ ತಿಂದವರ ಚೇಷ್ಟೆಯೂ ಹೀಗೇ. ಅದರಲ್ಲಿರುವುದೂ ಅಟ್ರೊಪಿನ್ ಜಾತಿಯ ವಸ್ತುಗಳೇ. ಹಾಗೆಂದು ಯಾರಿಗೂ ದತ್ತೂರಿ ಕುಡಿಸಬೇಡಿ. ಒಂದೊಂದು ಕಾಯಿಯಲ್ಲಿ ಅದೆಷ್ಟಿರುತ್ತದೆಂಬ ಅಳತೆ ಇಲ್ಲ.

ಹೊಲದಲ್ಲಿ ಮಾಡಬೇಕಾದದ್ದು: ರಬ್ಬರ್ ಕೈಗವಸು ಹಾಕಿಕೊಂಡು ಅವರ ಬಟ್ಟೆ ಪೂರ್ತಿ ತೆಗೆಯಿರಿ, ತಲೆಗೂದಲು ಸೇರಿ ಮೈಯನ್ನು ಸೋಪು-ನೀರಿನಲ್ಲಿ ತೊಳೆಯಿರಿ, ಏಕೆಂದರೆ ಚರ್ಮದಿಂದ ವಿಷ ಒಳಗಿಳಿಯುತ್ತಲೇ ಇರುತ್ತದೆ. ವಾಂತಿ ಮಾಡಿಸಬೇಡಿ. ಎಡ ಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ. ಡಬ್ಬವನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ.

ಅಟ್ರೊಪಿನ್ ಕಾಯುವುದು ಗ್ರಂಥಿಗಳ, ಶ್ವಾಸನಾಳದ, ಹೃದಯದ ಗ್ರಾಹಿಗಳನ್ನು. ಕೈಕಾಲು, ಎದೆಗೂಡಿನ ಸ್ನಾಯುಗಳಲ್ಲಿರುವ ಗ್ರಾಹಿಯ ಜಾತಿಯೇ ಬೇರೆ, ಅಲ್ಲಿ ಅದು ಕೂರುವುದಿಲ್ಲ. ಅದಕ್ಕೇ ಜೊಲ್ಲು ನಿಂತು ಮಾತಾಡುತ್ತಿದ್ದ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಸ್ನಾಯುಗಳು ಸೋತು ಉಸಿರು ನಿಲ್ಲಬಹುದು. ಎರಡನೇ ದಿನ ‘ಹುಷಾರಾದರು’ ಎಂದು ಹಠ ಮಾಡಿ ಬಿಡಿಸಿಕೊಂಡು ಬರಬೇಡಿ. ದಿಂಬಿನಿಂದ ತಲೆ ಎತ್ತಿ ಎಂದು ವೈದ್ಯರು ಮತ್ತೆ ಮತ್ತೆ ಹೇಳುವುದು ಇದಕ್ಕೇ: ಮೊದಲು ಸೋಲುವ ಸ್ನಾಯುಗಳಲ್ಲಿ ಕತ್ತಿನವು ಸೇರಿವೆ.