ನರ್ಸಿಂಗ್ ಕಾಲೇಜಿಗೆ ನ್ಯಾಕ್ ಮಾಡಿಸಿದರೆ ಓದಿಸುವ ಮಟ್ಟ ನಿಜವಾಗಿ ಸುಧಾರಿಸುತ್ತಾ, ಇಲ್ಲ ಬರೀ ಪೇಪರ್ ಕೆಲಸವಾ?

ನಿಮ್ಮ ಕಾಲೇಜಿನ ನ್ಯಾಕ್ ಕೋಆರ್ಡಿನೇಟರ್ ಆಗಿ ಅಂತ ಮ್ಯಾನೇಜ್‌ಮೆಂಟ್ ಹೇಳಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ. 2018ರಲ್ಲಿ ನೀವು ಈಗ ಕೂತಿರುವ ಕುರ್ಚಿಯಲ್ಲೇ ನಾನು ಕೂತಿದ್ದೆ. ಅದೇ 60 ಸೀಟಿನ ಬಿಎಸ್ಸಿ ನರ್ಸಿಂಗ್, ಅದೇ "ನಾಲ್ಕು ತಿಂಗಳಲ್ಲಿ ಮುಗಿಸಿಬಿಡಿ ಮೇಡಂ" ಎನ್ನುವ ಮ್ಯಾನೇಜ್‌ಮೆಂಟ್, ಅದೇ "ಕನ್ಸಲ್ಟೆಂಟ್ ಇಟ್ಟುಕೊಳ್ಳೋಣವಾ" ಎಂಬ ಪ್ರಶ್ನೆ. ನಾವು ಇಟ್ಟುಕೊಂಡೆವು.

ಅವರು ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರುತ್ತಿದ್ದರು. ಪೆನ್‌ಡ್ರೈವ್ ತುಂಬಾ ಸಿದ್ಧ ಫೈಲು. ಕಾಲೇಜಿನ ಹೆಸರು ಬದಲಾಯಿಸಿದರೆ ಸಾಕು, ಅರ್ಧ ವರದಿ ರೆಡಿ. ನ್ಯಾಕ್ ನೋಡುವ ಏಳು ಕ್ರೈಟೀರಿಯಾ, ಅಂದರೆ ಮಾನದಂಡಗಳನ್ನು, ನಮ್ಮ ಟೀಚರ್‌ಗಳಿಗೆ ಹಂಚಿ ಆಯಿತು. ನಾನು ಕೋಆರ್ಡಿನೇಟರ್, ಜೊತೆಗೆ ಮೊದಲನೇ ಕ್ರೈಟೀರಿಯಾ ಕೂಡ ನನ್ನ ತಲೆಗೇ ಬಂತು. ಅದರ ಕೊನೆಯಲ್ಲಿ ಬರುವುದು ಫೀಡ್‌ಬ್ಯಾಕ್. ನಾನು ಎಡವಿದ್ದು ಅಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಹಳೇ ಪ್ರಿನ್ಸಿಪಾಲ್ ಮೇಡಂ ಒಂದು ರೂಢಿ ಇಟ್ಟಿದ್ದರು. ಕೋರ್ಸ್ ಮುಗಿಸಿ ಹೋಗುವ ಪ್ರತಿ ಬ್ಯಾಚ್ ಕೊನೆಯ ವಾರದಲ್ಲಿ ಹೆಸರು ಹಾಕದೆ ಒಂದು ಹಾಳೆ ಬರೆದುಕೊಡಬೇಕು. ಏನು ಬೇಕಾದರೂ ಬರೆಯಬಹುದು. ಅವರು ರಿಟೈರ್ ಆದ ಮೇಲೂ ಅದು ನಡೆದುಕೊಂಡು ಬಂದಿತ್ತು. ಓದುವವರು ಮಾತ್ರ ಇರಲಿಲ್ಲ. ಬೀರುವಿನ ಮೇಲೆ ಸುತಳಿ ಕಟ್ಟಿದ ಕಟ್ಟುಗಳು. ಎಲ್ಲಕ್ಕಿಂತ ಮೇಲಿನ ಕಟ್ಟಿನಲ್ಲಿ 58 ಹಾಳೆ. ನೋಟ್‌ಬುಕ್ಕಿನಿಂದ ಹರಿದವು. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ, ನಾಲ್ಕೈದು ಮಲಯಾಳದಲ್ಲಿ. ನಾನು ಹನ್ನೊಂದು ಓದಿದೆ. ಜಾಸ್ತಿ ಹಾಸ್ಟೆಲ್ ಸಾಂಬಾರಿನ ಮೇಲೆ ದೂರು. ನಡುವೆ ಪೋಸ್ಟಿಂಗ್, ಅಂದರೆ ಆಸ್ಪತ್ರೆ ವಾರ್ಡಿನ ತರಬೇತಿಯ ಬಗ್ಗೆ ಒಂದು ಸಾಲು: "ಮಧ್ಯಾಹ್ನದ ಪೋಸ್ಟಿಂಗ್‌ನಲ್ಲಿ ಮೇಡಂ ಇರಲ್ಲ." ಇನ್ನೊಂದರಲ್ಲಿ: "ಡ್ರಿಪ್ ಸಿಸ್ಟರ್ ಹಾಕ್ತಾರೆ, ನಾವು ನೋಡ್ತೀವಿ."

ಕನ್ಸಲ್ಟೆಂಟ್ ಅದನ್ನು ನೋಡಿ, "ಇದನ್ನ ಅಪ್‌ಲೋಡ್ ಮಾಡ್ತೀರಾ ಮೇಡಂ?" ಅಂತ ಕೇಳಿದರು. ಅಷ್ಟೇ. ಬೈಯಲಿಲ್ಲ, ಸುಳ್ಳು ಹೇಳಿ ಅಂತಲೂ ಅನ್ನಲಿಲ್ಲ. ಇಪ್ಪತ್ತು ಪ್ರಶ್ನೆಯ ಒಂದು ಫಾರ್ಮ್ಯಾಟ್ ಕೊಟ್ಟರು, ಒಂದರಿಂದ ಐದರವರೆಗೆ ಟಿಕ್ ಹಾಕುವಂಥದ್ದು. ವರದಿಗೆ ಹಿಂದಿನ ಐದು ವರ್ಷದ ಮಾಹಿತಿ ಬೇಕು. ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಡೆಮಾನ್‌ಸ್ಟ್ರೇಷನ್ ರೂಮಿನಲ್ಲಿ ಇದ್ದ ಮಕ್ಕಳನ್ನೇ ಕೂರಿಸಿ ಐದು ವರ್ಷದ ಫೀಡ್‌ಬ್ಯಾಕ್ ಬರೆಸಿದೆ. ಎಲ್ಲರ ಕೈಯಲ್ಲೂ ಕಾಲೇಜಿನ ಒಂದೇ ಬಾಕ್ಸಿನ ನೀಲಿ ಪೆನ್ನು. ಎರಡನೇ ವರ್ಷದ ಹುಡುಗಿ 2014ರ ಬ್ಯಾಚ್ ಅಂತ ಬರೆದಳು. ಎಲ್ಲರೂ ನಾಲ್ಕು, ಐದು ಟಿಕ್ ಹಾಕಿದರು. ಮೂರು ಬಣ್ಣದ ಗ್ರಾಫ್ ಬಂತು, ನೋಡೋಕೆ ಚೆನ್ನಾಗೇ ಇತ್ತು. ಹಳೇ ಕಟ್ಟುಗಳು ಅಟೆಂಡರ್ ಕೈಯಲ್ಲಿ ರದ್ದಿಗೆ ಹೋದವು.

ಸುಳ್ಳು ಬರೆಸಿದ್ದು ತಪ್ಪು, ಅದು ಯಾರಿಗೂ ಗೊತ್ತಾಗುತ್ತೆ. ನನ್ನ ದೊಡ್ಡ ತಪ್ಪು ಇನ್ನೊಂದು. ನ್ಯಾಕ್ ಫೀಡ್‌ಬ್ಯಾಕ್ ತೆಗೆದುಕೊಂಡಿರಾ ಅಂತ ಮಾತ್ರ ಕೇಳುವುದಿಲ್ಲ. ತೆಗೆದುಕೊಂಡಿರಾ, ವಿಶ್ಲೇಷಿಸಿದಿರಾ, ಅದರ ಮೇಲೆ ಏನು ಕ್ರಮ ಕೈಗೊಂಡಿರಿ ಅಂತ ಮೂರೂ ಕೇಳುತ್ತೆ. ಎಲ್ಲ ಚೆನ್ನಾಗಿದೆ ಅಂತ ಬರೆಸಿದ ಮೇಲೆ ಕ್ರಮ ಯಾವುದರ ಮೇಲೆ ಕೈಗೊಳ್ಳಲಿ? ಕಾಲೇಜಿನ ಕಾಯಿಲೆ ಏನು ಅಂತ ಮಕ್ಕಳು ಬಿಟ್ಟಿಯಾಗಿ ಬರೆದುಕೊಟ್ಟಿದ್ದರು. ನಾನು ಆ ರಿಪೋರ್ಟ್ ಹರಿದು ಹಾಕಿ, ರೋಗಿಗೆ ಜ್ವರವೇ ಇಲ್ಲ ಅಂತ ಚಾರ್ಟ್ ಬರೆದೆ. ನರ್ಸ್ ಆಗಿ ವಾರ್ಡಿನಲ್ಲಿ ಇದನ್ನು ಮಾಡಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಇನ್ನೂ ಒಂದು ಹೊಳೆದಿರಲಿಲ್ಲ ನನಗೆ. ನ್ಯಾಕ್ ತಾನೇ ವಿದ್ಯಾರ್ಥಿಗಳಿಗೆ ಸರ್ವೆಯ ಲಿಂಕ್ ಕಳಿಸುತ್ತೆ. ಅದು ನೇರ ಅವರ ಇಮೇಲಿಗೆ ಬರುತ್ತೆ. ಅಲ್ಲಿ ನಮ್ಮ ನೀಲಿ ಪೆನ್ನು ನಡೆಯುವುದಿಲ್ಲ.

ನ್ಯಾಕ್ ಕಳಿಸಿದ ಪರಿಶೀಲನಾ ತಂಡ, ಅಂದರೆ ಪೀರ್ ಟೀಮ್ ಬಂತು. ಬೇರೆ ರಾಜ್ಯದ ಒಬ್ಬ ಹಿರಿಯ ನರ್ಸಿಂಗ್ ಪ್ರೊಫೆಸರ್ ಇದ್ದರು. ಫೀಡ್‌ಬ್ಯಾಕ್ ಫೈಲ್ ತೆಗೆದು, ಕ್ರಮದ ವರದಿ ಎಲ್ಲಿ ಅಂತ ಕೇಳಿದರು. ನಾವು "ಲೈಬ್ರರಿಗೆ ಹೆಚ್ಚಿನ ಪುಸ್ತಕ ತರಿಸಲಾಗಿದೆ" ಅಂತ ಬರೆದಿದ್ದೆವು. ಅವರು ಹಿಂದಿನ ಪುಟ ತಿರುಗಿಸಿ, "ಲೈಬ್ರರಿಗೆ ಎಲ್ಲರೂ ಐದು ಕೊಟ್ಟಿದ್ದಾರಲ್ಲ, ಪುಸ್ತಕ ಕೇಳಿದ್ದು ಯಾರು?" ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮರುದಿನ ಆಸ್ಪತ್ರೆ ರೌಂಡ್ಸ್. ಮೂರನೇ ವರ್ಷದ ಒಬ್ಬ ಹುಡುಗಿಯನ್ನು ನಿಲ್ಲಿಸಿ ಅವರು ಕೇಳಿದರು: 500 ಎಂಎಲ್ ನಾರ್ಮಲ್ ಸಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ ಒಂದು ಎಂಎಲ್‌ಗೆ 20 ಹನಿಯದು, ನಿಮಿಷಕ್ಕೆ ಎಷ್ಟು ಹನಿ? ಹುಡುಗಿ ಜಾಣೆ. ಅಂಗೈ ಮೇಲೆ ಬರೆದು, 500 ಇಂಟು 20, ಭಾಗಿಸು 240, "42 ಮ್ಯಾಮ್" ಅಂದಳು. ಸರಿ ಉತ್ತರ. ನಾನು ಉಸಿರು ಬಿಟ್ಟೆ. "ಈಗ ಹಾಕಿ ತೋರಿಸು" ಅಂದರು. ಅವಳು ಹನಿಯ ವೇಗ ಹೊಂದಿಸುವ ರೋಲರ್ ಹಿಡಿದಳು. ಹನಿ ಬೀಳುವ ಚೇಂಬರ್ ನೋಡಿದಳು. ಎಣಿಸೋಕೆ ಗಡಿಯಾರ ನೋಡಬೇಕಲ್ವಾ? ಕೈಯಲ್ಲಿ ವಾಚೇ ಇರಲಿಲ್ಲ. ಅವಳು ತಲೆ ಎತ್ತಿ ನೋಡಿದ್ದು ಇನ್‌ಚಾರ್ಜ್ ಸಿಸ್ಟರ್ ಮುಖವನ್ನು. ರದ್ದಿಗೆ ಹೋದ ಆ ಹಾಳೆ ನನಗೆ ನೆನಪಾಗಿದ್ದು ಆಗ.

ನಮಗೆ ಬಿ ಗ್ರೇಡ್ ಬಂತು. ಗೇಟಿನ ಮೇಲೆ ಬೋರ್ಡ್ ಕೂಡ ಹಾಕಿದರು. ಕನ್ಸಲ್ಟೆಂಟ್ ಬಾಕಿ ದುಡ್ಡು ತೆಗೆದುಕೊಂಡು ಹೋದರು.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಹತ್ತು ಮಕ್ಕಳಿಗೆ ಒಬ್ಬ ಟೀಚರ್ ಎನ್ನುವ ಐಎನ್‌ಸಿ (ಭಾರತೀಯ ನರ್ಸಿಂಗ್ ಕೌನ್ಸಿಲ್) ಲೆಕ್ಕ ನಮ್ಮಲ್ಲಿ ಕಾಗದದ ಮೇಲೆ ಸರಿಯಾಗೇ ಇತ್ತು. ಆದರೆ ಮಧ್ಯಾಹ್ನ ಮೂರು ಗಂಟೆಗೆ ಪೀಡಿಯಾಟ್ರಿಕ್ ವಾರ್ಡಿಗೆ ಹೋಗಿ ಎಣಿಸಿದರೆ ನಮ್ಮ ವಿದ್ಯಾರ್ಥಿಗಳು 22, ಟೀಚರ್ ಒಬ್ಬರೂ ಇಲ್ಲ. ಯಾವ ವಾರ್ಡ್, ಯಾವ ಶಿಫ್ಟ್, ಯಾರು ಅಂತ ಒಂದು ಪಟ್ಟಿ ಮಾಡಿ ಕಾರಿಡಾರ್‌ನಲ್ಲಿ ಅಂಟಿಸಿದೆ. ಇಬ್ಬರು ಟೀಚರ್ ನನ್ನ ಜೊತೆ ಜಗಳವಾಡಿದರು, ಒಬ್ಬರು ಕೆಲಸ ಬಿಟ್ಟರು. ಮಕ್ಕಳು ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ ಇನ್‌ಚಾರ್ಜ್ ಸಿಸ್ಟರ್ ಅದೇ ಶಿಫ್ಟಿನಲ್ಲಿ ಸಹಿ ಹಾಕಬೇಕು, ವಾರ ಬಿಟ್ಟು ಹಾಕಿದ್ದು ಲೆಕ್ಕಕ್ಕಿಲ್ಲ ಅಂದೆ. ಸೆಕೆಂಡ್ ಮುಳ್ಳಿನ ವಾಚ್ ಇಲ್ಲದೆ ವಾರ್ಡಿಗೆ ಪ್ರವೇಶವಿಲ್ಲ.

ಮೂರು ತಿಂಗಳಿಗೆ ಲಾಗ್‌ಬುಕ್‌ಗಳು ಬಡವಾದವು. ಮೊದಲು ಪ್ರತಿಯೊಬ್ಬರದ್ದೂ 25 ಇಂಜೆಕ್ಷನ್ ಅಂತ ಇರುತ್ತಿತ್ತು, ಈಗ ಆರು, ಏಳು. ಚೇರ್ಮನ್ ಸರ್ ಗಾಬರಿಯಾದರು. "ಸರ್, ಮೊದಲೂ ಆರೇ ಇತ್ತು, ಬರೆದಿದ್ದು 25" ಅಂದೆ. ಆ ಖಾಲಿ ಜಾಗ ಕಣ್ಣಿಗೆ ಬಿದ್ದ ಮೇಲೆಯೇ ಅವರು ಓಡಾಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆಚ್ಚಿನ ಪೋಸ್ಟಿಂಗ್‌ಗೆ ಒಪ್ಪಂದ ಮಾಡಿಸಿಕೊಟ್ಟಿದ್ದು. ಅದಕ್ಕೂ ಮುಂಚೆ ನಾನು ಎರಡು ವರ್ಷ ಬಾಯಿಮಾತಲ್ಲಿ ಕೇಳಿ ಸುಸ್ತಾಗಿದ್ದೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. "ಅಡ್ಮಿಷನ್ ಜಾಸ್ತಿ ಆಗುತ್ತಾ?" ಈ ಪ್ರಶ್ನೆಯೇ ತಪ್ಪು. ನನ್ನ ಕೌಂಟರ್ ಮುಂದೆ ನಿಂತ ಒಬ್ಬ ತಂದೆತಾಯಿಯೂ ನ್ಯಾಕ್ ಗ್ರೇಡ್ ಕೇಳಿಲ್ಲ. ಫೀಸು, ಹಾಸ್ಟೆಲ್, ಸ್ವಂತ ಆಸ್ಪತ್ರೆ ಇದೆಯಾ, ಕೌನ್ಸಿಲ್ ಮಾನ್ಯತೆ ಇದೆಯಾ, ಇಷ್ಟೇ. 2017ರಲ್ಲಿ ಐಎನ್‌ಸಿ ಮಾನ್ಯತೆ ಬೇಕೋ ಬೇಡವೋ ಎನ್ನುವ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿದಾಗ ಕೇರಳದ ಪೋಷಕರ ಫೋನ್ ಎತ್ತಿ ಎತ್ತಿ ಸಾಕಾಗಿತ್ತು ನನಗೆ. ನಿಮ್ಮ ಮ್ಯಾನೇಜ್‌ಮೆಂಟ್ ಕೂಡ ಇವನ್ನೆಲ್ಲ ಒಂದೇ ಅಂದುಕೊಂಡಿರುವ ಹಾಗಿದೆ. ಕೌನ್ಸಿಲ್ ಅನುಮತಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಫಿಲಿಯೇಷನ್ ಇವು ಕಾಲೇಜು ನಡೆಸೋಕೆ ಬೇಕಾದವು. ಒಳಗೆ ಹೇಗೆ ನಡೆಸುತ್ತಿದ್ದೀರಿ ಅಂತ ನೋಡುವುದು ನ್ಯಾಕ್.

ವಿದೇಶಕ್ಕೆ ಹೋಗುವ ಮಕ್ಕಳಿಗೆ ಗ್ರೇಡ್ ಸಹಾಯವಾಗುತ್ತೆ ಅಂತ ಯಾರೋ ನಿಮಗೆ ಹೇಳಿದ್ದಾರಂತೆ. ನನ್ನ ಹಳೇ ವಿದ್ಯಾರ್ಥಿಗಳು ನನ್ನಿಂದ ಬರೆಸಿಕೊಂಡು ಹೋಗಿದ್ದು ವಿಷಯವಾರು ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಅನ್ನುವ ಲೆಕ್ಕ. ಗ್ರೇಡ್ ಬರೆಯೋಕೆ ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ಇನ್ನು ಗ್ರೇಡ್ ಪದ್ಧತಿ ಬಿಟ್ಟು "ಮಾನ್ಯತೆ ಇದೆ ಅಥವಾ ಇಲ್ಲ" ಎನ್ನುವ ಎರಡೇ ಉತ್ತರದ ವ್ಯವಸ್ಥೆಗೆ ಹೋಗುವುದಾಗಿ ನ್ಯಾಕ್ 2024ರಲ್ಲೇ ಹೇಳಿದೆ. ಎ ಬರುತ್ತೋ ಬಿ ಬರುತ್ತೋ ಅಂತ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಕನ್ಸಲ್ಟೆಂಟ್ ಬೇಕೇ ಬೇಕು ಅಂತ ಮ್ಯಾನೇಜ್‌ಮೆಂಟ್ ಹಟ ಹಿಡಿದರೆ ಪೋರ್ಟಲ್‌ಗೆ ಅಪ್‌ಲೋಡ್ ಮಾಡುವ ಕೆಲಸ ಕೊಡಿ. ಫೀಡ್‌ಬ್ಯಾಕ್, ಲಾಗ್‌ಬುಕ್ ಮುಟ್ಟೋಕೆ ಬಿಡಬೇಡಿ. ನಾಲ್ಕು ತಿಂಗಳಲ್ಲಿ ಆಗುವುದು ಟೈಪಿಂಗ್ ಮಾತ್ರ. ಒಂದು ವರ್ಷ ಕೇಳಿ, ಕೊಡದಿದ್ದರೆ ಕೋಆರ್ಡಿನೇಟರ್ ಕೆಲಸ ಒಪ್ಪಿಕೊಳ್ಳಬೇಡಿ.

ಸೋಮವಾರ ಮಧ್ಯಾಹ್ನ ಮೂರಕ್ಕೆ, ಯಾರಿಗೂ ಹೇಳದೆ, ನಿಮ್ಮ ಮೆಡಿಕಲ್ ವಾರ್ಡಿಗೆ ಹೋಗಿ. ಮಕ್ಕಳೆಷ್ಟು, ಟೀಚರ್ ಎಷ್ಟು ಎಣಿಸಿ. ಒಬ್ಬರಿಗೆ ಡ್ರಿಪ್ ಸೆಟ್ ಮಾಡಲು ಹೇಳಿ, ಕಣ್ಣು ಎಲ್ಲಿಗೆ ಹೋಗುತ್ತೆ ನೋಡಿ. ಆಮೇಲೆ ಇಲ್ಲೇ ಕಾಮೆಂಟಿನಲ್ಲಿ ಬರೆಯಿರಿ, ಮುಂದಿನದು ಮಾತಾಡೋಣ.